ನೈರೋಬಿಯಲ್ಲಿ ದೊಡ್ಡ ಗಣೇಶ್: ಒಂದು ತಿಂಗಳ ಕೋಚ್

ಈ ವಾರದ ಕಂತು ಕೇಳಿದವರಿಗೆ ಇದು ಅದರ ಉದ್ದನೆಯ ರೂಪ. ಕೇಳದೇ ಇದ್ದವರು ಇಲ್ಲಿಂದಲೇ ಶುರು ಮಾಡಬಹುದು, ಏನೂ ತಪ್ಪಿಸಿಕೊಂಡಿಲ್ಲ.

2024ರ ಆಗಸ್ಟ್ ಮಧ್ಯದಲ್ಲಿ ನನ್ನ ಫೋನಿಗೆ ಒಂದೇ ಸುದ್ದಿ ಏಳೆಂಟು ಕಡೆಯಿಂದ ಬಂತು. ಕೀನ್ಯಾದ ಪುರುಷರ ಕ್ರಿಕೆಟ್ ತಂಡಕ್ಕೆ ಹೊಸ ಮುಖ್ಯ ಕೋಚ್, ನಮ್ಮ ದೊಡ್ಡ ಗಣೇಶ್. ನಾನು ಕೆಲಸ ಮಾಡೋದು ನೈರೋಬಿಯಲ್ಲಿ. ಇಲ್ಲಿ ಕನ್ನಡ ಕೇಳಬೇಕು ಅಂದ್ರೆ ಭಾನುವಾರದ ಊಟಕ್ಕೆ ಯಾರದಾದರೂ ಮನೆಗೆ ಹೋಗಬೇಕು. ಅಂಥ ಊರಿಗೆ ಕರ್ನಾಟಕದ ಹಳೇ ವೇಗದ ಬೌಲರ್ ಒಬ್ಬರು ಬರ್ತಾರೆ ಅಂದ್ರೆ ಖುಷಿ ಆಗದೇ ಇರುತ್ತಾ?

ಬೆಂಗಳೂರಲ್ಲಿ ಬೆಳೆಯದ ಓದುಗರಿಗೆ ಒಂದು ಸಣ್ಣ ವಿವರ. ಬಸವನಗುಡಿಯಲ್ಲಿ 'ದೊಡ್ಡ ಗಣೇಶ' ಅಂದ್ರೆ ದೇವಸ್ಥಾನ. ಕ್ರಿಕೆಟಿಗನ ಹೆಸರಲ್ಲಿರೋ 'ದೊಡ್ಡ' ಮಾತ್ರ ದೊಡ್ಡನರಸಯ್ಯ ಅನ್ನೋದರ ಮೊದಲ ತುಂಡು. ಹುಟ್ಟಿದ್ದು 1973ರಲ್ಲಿ. 1997ರ ಜನವರಿಯಲ್ಲಿ ಕೇಪ್‌ಟೌನ್‌ನಲ್ಲಿ ಮೊದಲ ಟೆಸ್ಟ್ ಆಡಿದಾಗ ಭಾರತದ ಹನ್ನೊಂದು ಜನರಲ್ಲಿ ಐವರು ಕರ್ನಾಟಕದವರು: ದ್ರಾವಿಡ್, ಕುಂಬ್ಳೆ, ಶ್ರೀನಾಥ್, ಪ್ರಸಾದ್, ಗಣೇಶ್. ಒಟ್ಟು ನಾಲ್ಕು ಟೆಸ್ಟ್, ಒಂದು ಏಕದಿನ. ದೇಶದ ಪರ ಆಟ ಅದೇ ವರ್ಷ ಮುಗಿದುಹೋಯಿತು. ಆದರೆ ರಣಜಿ ನೋಡಿದವರ ಲೆಕ್ಕವೇ ಬೇರೆ. 104 ಪ್ರಥಮ ದರ್ಜೆ ಪಂದ್ಯ, 365 ವಿಕೆಟ್. ಉಳಿದ ನಾಲ್ವರು ದೇಶಕ್ಕೆ ಆಡೋಕೆ ಹೋದಾಗಲೆಲ್ಲ ಕರ್ನಾಟಕದ ಮನೆ ನೋಡಿಕೊಂಡವರಲ್ಲಿ ಇವರೂ ಒಬ್ಬರು.

ಆ ಭಾನುವಾರ ಪಾರ್ಕ್‌ಲ್ಯಾಂಡ್ಸ್‌ನ ಸ್ನೇಹಿತರ ಮನೆಯಲ್ಲಿ ಊಟಕ್ಕಿಂತ ಚರ್ಚೆಯೇ ಜೋರಾಗಿತ್ತು.

ಮೂವತ್ತು ವರ್ಷದಿಂದ ಇಲ್ಲೇ ಇರುವ ಅಂಕಲ್ ಒಬ್ಬರು ಪೂರ್ತಿ ಗಣೇಶ್ ಪರ. "ಐವತ್ತೊಂದು ಅಂದ್ರೆ ಏನಪ್ಪಾ ವಯಸ್ಸು? ಅಡುಗೆ ಗೊತ್ತಿರೋ ಕೈ ಬೇಕು. ಹನುಮಂತ್ ಸಿಂಗ್ ಬಂದಾಗ ಅವರಿಗೆಷ್ಟಾಗಿತ್ತು?" ಅವರ ಮಗಳು ಇಲ್ಲೇ ಹುಟ್ಟಿ ಬೆಳೆದವಳು, ಕಾಲೇಜು ಹುಡುಗಿ. ಅವಳ ವಾದ ಬೇರೆ: "ಈಗ ಆಡೋದು ಟಿ20 ಅಲ್ವಾ ಪಪ್ಪಾ? ತೊಂಬತ್ತರ ದಶಕದ ಬೌಲರ್ ಈಗಿನ ಹುಡುಗರಿಗೆ ಏನು ಹೇಳಿಕೊಡ್ತಾರೆ?" ಮರುದಿನ ಆಫೀಸಲ್ಲಿ ನನ್ನ ಕೀನ್ಯನ್ ಸಹೋದ್ಯೋಗಿ ಮೂರನೇ ಪ್ರಶ್ನೆ ಇಟ್ಟ. ವಿಶ್ವಕಪ್ ಸೆಮಿಫೈನಲ್ ಆಡಿದ ನಮ್ಮವರೇ ಊರಲ್ಲಿ ಇದ್ದಾರಲ್ಲ, ಅವರಿಗೆ ಯಾಕೆ ಕೊಡಲ್ಲ? ನಮ್ಮ ಗಾದೆ ನೆನಪಾಯಿತು: ಹಿತ್ತಲ ಗಿಡ ಮದ್ದಲ್ಲ. ಅವನಿಗೆ ಅರ್ಥ ಬಿಡಿಸಿ ಹೇಳಿದೆ. "ಎಕ್ಸಾಕ್ಟ್ಲಿ" ಅಂದ.

ಮೂರೂ ಒಳ್ಳೆಯ ಪ್ರಶ್ನೆಗಳೇ. ಆದ್ದರಿಂದ ಇತಿಹಾಸವನ್ನೇ ಕೇಳೋಣ ಅಂದುಕೊಂಡೆ. ಕೀನ್ಯಾ ಗೆದ್ದ ದೊಡ್ಡ ದಿನಗಳಲ್ಲಿ ತಂಡದ ಹಿಂದೆ ಯಾರಿದ್ದರು? ಅವರ ವಯಸ್ಸೆಷ್ಟು?

ಮೊದಲು 1996ರ ಫೆಬ್ರವರಿ 29, ಪುಣೆ. ಕೀನ್ಯಾಕ್ಕೆ ಅದು ಮೊದಲ ವಿಶ್ವಕಪ್. ಎದುರಿಗೆ ವೆಸ್ಟ್ ಇಂಡೀಸ್. ಕೀನ್ಯಾ 166ಕ್ಕೆ ಆಲೌಟ್. ಪಂದ್ಯ ಮುಗೀತು ಅಂತ ಎಲ್ಲರೂ ಅಂದುಕೊಂಡರು. ಆಮೇಲೆ ರಜಬ್ ಅಲಿಯ ಎಸೆತಕ್ಕೆ ಬ್ರಯಾನ್ ಲಾರಾ ಕೀಪರ್ ತಾರಿಕ್ ಇಕ್ಬಾಲ್‌ಗೆ ಕ್ಯಾಚ್ ಕೊಟ್ಟರು. ನಾಯಕ ಮಾರಿಸ್ ಒಡುಂಬೆ 15 ರನ್ನಿಗೆ ಮೂರು ವಿಕೆಟ್ ತೆಗೆದರು. ವೆಸ್ಟ್ ಇಂಡೀಸ್ 93ಕ್ಕೆ ಮುಗಿಯಿತು. ಆ ತಂಡದ ಕೋಚ್ ಹನುಮಂತ್ ಸಿಂಗ್, ಭಾರತಕ್ಕೆ 14 ಟೆಸ್ಟ್ ಆಡಿ ಮೊದಲ ಟೆಸ್ಟಲ್ಲೇ ಶತಕ ಹೊಡೆದವರು. ಹುಟ್ಟಿದ್ದು 1939. ಅಂದರೆ ಪುಣೆಯಲ್ಲಿ ಅವರಿಗೆ 56. ಅಂಕಲ್‌ಗೆ ಒಂದು ಅಂಕ.

ಎರಡನೆಯದು 2003. ಆ ವಿಶ್ವಕಪ್‌ನ ಕೆಲವು ಪಂದ್ಯ ನೈರೋಬಿಯಲ್ಲೇ ಇತ್ತು. ಭದ್ರತೆಯ ಕಾರಣ ಹೇಳಿ ನ್ಯೂಜಿಲೆಂಡ್ ಬರಲಿಲ್ಲ. ಶ್ರೀಲಂಕಾ ಬಂತು. ಫೆಬ್ರವರಿ 24ರಂದು ಜಿಮ್ಖಾನಾ ಮೈದಾನದಲ್ಲಿ ಲೆಗ್ ಸ್ಪಿನ್ನರ್ ಕಾಲಿನ್ಸ್ ಒಬುಯಾ 24 ರನ್ನಿಗೆ 5 ವಿಕೆಟ್ ಪಡೆದರು. 53 ರನ್ನಿನ ಗೆಲುವು. ಅಲ್ಲಿಂದ ಸೂಪರ್ ಸಿಕ್ಸ್, ಅಲ್ಲಿಂದ ಡರ್ಬನ್‌ನಲ್ಲಿ ಭಾರತದ ವಿರುದ್ಧ ಸೆಮಿಫೈನಲ್. ಸೌರವ್ ಗಂಗೂಲಿ ಶತಕ ಹೊಡೆದರು, ಕೀನ್ಯಾ ಸೋತಿತು. ಆದರೆ ಟೆಸ್ಟ್ ಆಡದ ದೇಶವೊಂದು ವಿಶ್ವಕಪ್ ಸೆಮಿಫೈನಲ್‌ಗೆ ಬಂದದ್ದು ಅದೇ ಮೊದಲು. ಇವತ್ತಿನವರೆಗೂ ಇನ್ನೊಂದು ಬಂದಿಲ್ಲ. ಕೋಚ್ ಯಾರು? 1983ರಲ್ಲಿ ವಿಶ್ವಕಪ್ ಗೆದ್ದ ತಂಡದ ಸಂದೀಪ್ ಪಾಟೀಲ್. ಆಗ ಅವರಿಗೆ 46.

ವಯಸ್ಸಿನ ಮಾತು ಬಂದಿದ್ದರಿಂದ ಅದೇ ವಿಶ್ವಕಪ್‌ನ ಇನ್ನೊಂದು ಹೆಸರು ಹೇಳಲೇಬೇಕು. ಆಸಿಫ್ ಕರೀಂ. 1999ರ ವಿಶ್ವಕಪ್ ಆದಮೇಲೆ ಆಟ ಬಿಟ್ಟಿದ್ದವರನ್ನು ವಾಪಸ್ ಕರೆತಂದರು. 39 ವರ್ಷ. ಆಸ್ಟ್ರೇಲಿಯಾ ವಿರುದ್ಧ 8.2 ಓವರ್, ಅದರಲ್ಲಿ ಆರು ಮೇಡನ್, 7 ರನ್, 3 ವಿಕೆಟ್. ಆ ಮೂರರಲ್ಲಿ ಒಬ್ಬರು ರಿಕಿ ಪಾಂಟಿಂಗ್. ಪಂದ್ಯ ಸೋತರೂ ಪಂದ್ಯಶ್ರೇಷ್ಠ ಕರೀಂ ಅವರೇ.

ಇಲ್ಲಿಗೆ ನಿಲ್ಲಿಸಿದರೆ ಅಂಕಲ್ ಗೆದ್ದಂತೆ. ಹಿರಿಯರನ್ನು ಕರೆಸಿ, ಭಾರತದಿಂದಲೇ ಕರೆಸಿ, ಗೆಲುವು ಖಚಿತ. ಆದರೆ ನನ್ನ ಹೊಟ್ಟೆಪಾಡು ಡೇಟಾ. ಎರಡು ಚುಕ್ಕಿ ಇಟ್ಟುಕೊಂಡು ಯಾವ ಗೆರೆ ಬೇಕಾದರೂ ಎಳೆಯಬಹುದು ಅನ್ನೋದು ಈ ಕೆಲಸದ ಮೊದಲ ಪಾಠ. ಗೆದ್ದವರನ್ನು ಮಾತ್ರ ಎಣಿಸಿದರೆ ಸೋತವರ ಸುದ್ದಿಯೇ ಬರಲ್ಲ. ಅವರನ್ನೂ ಎಣಿಸೋಣ.

2003ರ ನಂತರ ವೆಸ್ಟ್ ಇಂಡೀಸ್‌ನ ರೋಜರ್ ಹಾರ್ಪರ್ ಬಂದರು. ಆಮೇಲೆ ಅಲ್ಲಿಯವರೇ ಎಲ್ಡೀನ್ ಬ್ಯಾಪ್ಟಿಸ್ಟ್. ಇಬ್ಬರೂ ಟೆಸ್ಟ್ ಆಡಿದವರು, ಅನುಭವಿಗಳು. ಬ್ಯಾಪ್ಟಿಸ್ಟ್ ಇದ್ದಾಗ, 2011ರ ವಿಶ್ವಕಪ್‌ನಲ್ಲಿ, ಕೀನ್ಯಾ ಆಡಿದ ಆರೂ ಪಂದ್ಯ ಸೋತಿತು. ಅದೇ ವರ್ಷ ಎಳೆಯ ವಯಸ್ಸಿನ ಕೋಚ್ ಒಬ್ಬರನ್ನು ತಂದರು: ನ್ಯೂಜಿಲೆಂಡ್‌ನ ಮೈಕ್ ಹೆಸನ್. ನಲವತ್ತು ಕೂಡ ಆಗಿರಲಿಲ್ಲ, ದೊಡ್ಡ ಮಟ್ಟದಲ್ಲಿ ಆಡಿದವರೂ ಅಲ್ಲ. ವರ್ಷ ತುಂಬುವ ಹೊತ್ತಿಗೆ ಭದ್ರತೆಯ ಕಾರಣ ಹೇಳಿ ಬಿಟ್ಟುಹೋದರು. ಕೀನ್ಯಾದ ಲೆಕ್ಕದಲ್ಲಿ ಅವರು ನೆನಪಿಡುವ ಕೋಚ್ ಅಲ್ಲ. ಆದರೆ ಮುಂದೆ ನೋಡಿ: ಅದೇ ಹೆಸನ್ 2012ರಲ್ಲಿ ತಮ್ಮ ದೇಶದ ತಂಡ ವಹಿಸಿಕೊಂಡರು. 2015ರಲ್ಲಿ ನ್ಯೂಜಿಲೆಂಡ್ ಮೊದಲ ಬಾರಿಗೆ ವಿಶ್ವಕಪ್ ಫೈನಲ್ ಆಡಿತು.

ಮನುಷ್ಯ ಅದೇ. ತಲೆ ಅದೇ. ವಯಸ್ಸು ಮೂರು ವರ್ಷ ಹೆಚ್ಚು, ಅಷ್ಟೇ. ಬದಲಾದದ್ದು ಮನೆ.

ಹಾಗಾದರೆ 1996 ಮತ್ತು 2003ರ ನಡುವೆ ಕೀನ್ಯಾದ ಕ್ರಿಕೆಟ್ ಮನೆ ಹೇಗಿತ್ತು? ಸ್ಟೀವ್ ಟಿಕೊಲೊ, ಒಡುಂಬೆ, ಥಾಮಸ್ ಒಡೊಯೊ, ಮಾರ್ಟಿನ್ ಸುಜಿ. ಇಡೀ ಒಂದು ಪೀಳಿಗೆ ನೈರೋಬಿಯ ಕ್ಲಬ್ ಕ್ರಿಕೆಟ್‌ನಲ್ಲಿ ಒಟ್ಟಿಗೆ ಬೆಳೆದಿತ್ತು. 1994ರ ಐಸಿಸಿ ಟ್ರೋಫಿ ನೈರೋಬಿಯಲ್ಲೇ ನಡೆದು, ಕೀನ್ಯಾ ಫೈನಲ್ ತಲುಪಿ, ಅಲ್ಲಿಂದಲೇ ವಿಶ್ವಕಪ್ ದಾರಿ ತೆರೆದಿತ್ತು. ಆಮೇಲೆ ದೊಡ್ಡ ತಂಡಗಳು ಇಲ್ಲಿಗೇ ಬರತೊಡಗಿದವು. 1996ರಲ್ಲಿ ಶಾಹಿದ್ ಅಫ್ರಿದಿ 37 ಎಸೆತದಲ್ಲಿ ಶತಕ ಹೊಡೆದದ್ದು ಇದೇ ಜಿಮ್ಖಾನಾದಲ್ಲಿ.

ನಮ್ಮವರಿಗೂ ಈ ಮೈದಾನ ಒಲಿದಿದೆ. 1999ರ ಸೆಪ್ಟೆಂಬರ್ 26ರಂದು ಗದಗಿನ ಸುನಿಲ್ ಜೋಶಿ ದಕ್ಷಿಣ ಆಫ್ರಿಕಾ ವಿರುದ್ಧ 10 ಓವರ್‌ನಲ್ಲಿ ಆರು ಮೇಡನ್ ಹಾಕಿ, 6 ರನ್ ಕೊಟ್ಟು, 5 ವಿಕೆಟ್ ಕಿತ್ತರು. ನೀವು ಕನ್ನಡ ಕಾಮೆಂಟರಿ ಕೇಳ್ತೀರಾದರೆ ವಿಜಯ್ ಭಾರದ್ವಾಜ್ ಧ್ವನಿ ಗೊತ್ತಿರುತ್ತೆ. ಅವರು ಭಾರತಕ್ಕೆ ಆಡಿದ ಮೊದಲ ಸರಣಿ ಅದೇ, ಸರಣಿಶ್ರೇಷ್ಠರೂ ಅವರೇ. ನೈರೋಬಿಯ ಹುಡುಗರು ಇಂಥ ಆಟವನ್ನು ಬೌಂಡರಿ ಹಗ್ಗದ ಪಕ್ಕ ಕೂತು ನೋಡ್ತಾ ಬೆಳೆದರು. ಹನುಮಂತ್ ಸಿಂಗ್, ಪಾಟೀಲ್ ಒಳ್ಳೆಯ ಕೋಚ್‌ಗಳೇ, ಸಂಶಯ ಬೇಡ. ಆದರೆ ಅವರು ಬಿತ್ತಿದ್ದು ಉತ್ತ ಹೊಲದಲ್ಲಿ.

ಆಮೇಲೆ ಹೊಲ ಬೀಳು ಬಿತ್ತು. ಸೆಮಿಫೈನಲ್ ಆಡಿದ ಮರುವರ್ಷ, 2004ರಲ್ಲಿ, ಕೀನ್ಯಾಕ್ಕೆ ಸಿಕ್ಕ ಏಕದಿನ ಪಂದ್ಯ ಎರಡೇ ಎರಡು. ಇಡೀ ವರ್ಷಕ್ಕೆ ಎರಡು! ಅದೇ ವರ್ಷ ಒಡುಂಬೆಗೆ ಐದು ವರ್ಷದ ನಿಷೇಧ ಬಿತ್ತು. ಹಣದ ವಿಷಯಕ್ಕೆ ಆಟಗಾರರಿಗೂ ಮಂಡಳಿಗೂ ಜಗಳ. 2005ರಲ್ಲಿ ಹಳೇ ಸಂಸ್ಥೆ ಹೋಗಿ 'ಕ್ರಿಕೆಟ್ ಕೀನ್ಯಾ' ಬಂತು. 2014ರಲ್ಲಿ ಏಕದಿನದ ಮಾನ್ಯತೆಯೇ ಕೈತಪ್ಪಿತು.

ಗಣೇಶ್ ಬಂದದ್ದು ಇಂಥ ಮನೆಗೆ. ಬಂದು ಸುಮಾರು ಒಂದು ತಿಂಗಳಾಗಿತ್ತು. ಸೆಪ್ಟೆಂಬರ್‌ನಲ್ಲಿ ಇನ್ನೊಂದು ಸುದ್ದಿ ಬಂತು: ಈ ನೇಮಕಕ್ಕೆ ಕಾರ್ಯಕಾರಿ ಮಂಡಳಿಯ ಅನುಮೋದನೆ ಇಲ್ಲ, ಆದ್ದರಿಂದ ಒಪ್ಪಂದ ಊರ್ಜಿತ ಅಲ್ಲ. (ಅನುಮೋದನೆ ಅಂದ್ರೆ ಮೇಲಿನವರ ಅಧಿಕೃತ ಒಪ್ಪಿಗೆ. ಊರ್ಜಿತ ಅಂದ್ರೆ ಕಾನೂನಿನ ಪ್ರಕಾರ ನಿಲ್ಲುವಂಥದ್ದು. ಬಾಡಿಗೆ ಪತ್ರ, ಉಯಿಲು ಓದುವಾಗ ಎರಡೂ ಪದ ಬೇಕಾಗುತ್ತೆ, ಕಲಿತಿಡಿ.) ಕೀನ್ಯಾದ ಮಾಜಿ ಆಟಗಾರ ಲ್ಯಾಮೆಕ್ ಒನ್ಯಾಂಗೊ ಹಂಗಾಮಿ ಕೋಚ್ ಆದರು.

ಒನ್ಯಾಂಗೊ ಮತ್ತು ಗಣೇಶ್ ಹೆಚ್ಚುಕಮ್ಮಿ ಓರಗೆಯವರು. ಅಂದರೆ ನಾವು ಊಟ ಆರಿಸಿಕೊಂಡು ವಾದ ಮಾಡಿದ ವಯಸ್ಸಿಗೂ ಈ ತೀರ್ಮಾನಕ್ಕೂ ಸಂಬಂಧವೇ ಇರಲಿಲ್ಲ. ಟಿ20 ಗೊತ್ತಾ ಇಲ್ವಾ ಅನ್ನೋದಕ್ಕೂ ಇಲ್ಲ.

ನನ್ನ ಸಹೋದ್ಯೋಗಿಗೆ ಖುಷಿಯಾಗಬೇಕಿತ್ತು, ಅವನು ಕೇಳಿದ ಹಾಗೆ ಊರಿನವರಿಗೇ ಸಿಕ್ಕಿತು. ಆಗಲಿಲ್ಲ. "ನಮ್ಮವನನ್ನ ಆರಿಸಿ ತಂದಿದ್ದರೆ ಸರಿ. ಇದು ಖಾಲಿ ಬಿದ್ದ ಕುರ್ಚಿಗೆ ಕೈಗೆ ಸಿಕ್ಕವರನ್ನ ಕೂರಿಸಿದ ಹಾಗಾಯ್ತು" ಅಂದ. ಅವನ ಮಾತಲ್ಲಿ ನ್ಯಾಯ ಇದೆ. ಮಂಡಳಿಯ ಮಾತಲ್ಲೂ ಇದೆ. ಅನುಮೋದನೆ ಇಲ್ಲದ ನೇಮಕ ಸಣ್ಣ ವಿಷಯ ಅಲ್ಲ, ನಿಯಮ ಇರೋದೇ ಪಾಲಿಸೋಕೆ. ಆದರೆ ಆ ಪರಿಶೀಲನೆ ಆಗಬೇಕಾದದ್ದು ಸಹಿಗಿಂತ ಮೊದಲು. ಮದುವೆ ಊಟ ಬಡಿಸಿ ಆದಮೇಲೆ ಜಾತಕ ತೆಗೆದು ಕೂತರೆ ಹೇಗೆ?

ಇದು ನನಗೆ ಯಾಕೆ ಇಷ್ಟು ನಾಟಿತು ಅಂತಲೂ ಹೇಳಿಬಿಡ್ತೀನಿ. ಮಾಸ್ಟರ್ಸ್ ಮುಗಿದ ವರ್ಷ ನನಗೂ ಒಂದು ಕೆಲಸದ ಪತ್ರ ಬಂದಿತ್ತು. ಸಹಿ ಮಾಡಿದೆ, ಅಮ್ಮ ಅಕ್ಕಪಕ್ಕದ ಮನೆಗೆಲ್ಲ ಸಿಹಿ ಹಂಚಿದರು. ಮೂರು ವಾರದ ನಂತರ ಮೇಲ್ ಬಂತು, ಆ ಹುದ್ದೆಗೆ ಒಳಗಿನ ಒಪ್ಪಿಗೆಯೇ ಆಗಿರಲಿಲ್ಲವಂತೆ. ಯಾರೂ ನನ್ನನ್ನು ಕೆಟ್ಟವನು ಅನ್ನಲಿಲ್ಲ. ಆದರೂ ತಿಂಗಳುಗಟ್ಟಲೆ ನಾನು ಹುಡುಕಿದ್ದು ನನ್ನಲ್ಲೇ ಏನು ಕಮ್ಮಿ ಇತ್ತು ಅಂತ. ನಿಮ್ಮಲ್ಲೂ ಅನೇಕರು ಇನ್ನೊಬ್ಬರ ಸಹಿ ನಂಬಿ ಊರು ಬಿಟ್ಟು ಬಂದವರೇ ಅಲ್ವಾ? ಆಗ ನನಗಿದ್ದದ್ದು ಇಪ್ಪತ್ತೈದು, ಬೇರೆ ಕೆಲಸ ಹುಡುಕೋಕೆ ಟೈಮ್ ಇತ್ತು. ಐವತ್ತೊಂದರಲ್ಲಿ, ಎಲ್ಲರ ಮುಂದೆ, ಪತ್ರಿಕೆಯ ಸುದ್ದಿಯಾಗಿ ಅದು ನಡೆದರೆ ಭಾರ ಬೇರೆ. ಹಿರಿಯರನ್ನು ಕೆಲಸಕ್ಕೆ ಕರೆಯುವಾಗ ವಯಸ್ಸಿನ ಬಗ್ಗೆ ಯೋಚಿಸಲೇಬೇಕು ಅಂದ್ರೆ, ಯೋಚಿಸಬೇಕಾದದ್ದು ಇದನ್ನ.

ಆಮೇಲೇನಾಯಿತು? ಆ ವರ್ಷದ ಅಕ್ಟೋಬರ್‌ನಲ್ಲಿ ನೈರೋಬಿಯ ರುಆರಕಾ ಮೈದಾನದಲ್ಲಿ ಗ್ಯಾಂಬಿಯಾ ವಿರುದ್ಧ ಜಿಂಬಾಬ್ವೆ 20 ಓವರಿಗೆ 344 ಹೊಡೆದು ವಿಶ್ವದಾಖಲೆ ಮಾಡಿತು. 2003ರಲ್ಲಿ ಸೂಪರ್ ಸಿಕ್ಸ್‌ನಲ್ಲಿ ಕೀನ್ಯಾ ಸೋಲಿಸಿದ್ದು ಇದೇ ಜಿಂಬಾಬ್ವೆಯನ್ನು. 2026ರ ಟಿ20 ವಿಶ್ವಕಪ್‌ಗೆ ಆಫ್ರಿಕಾದ ಅರ್ಹತಾ ಪಂದ್ಯಗಳಿಂದ ಹೋದದ್ದು ನಮೀಬಿಯಾ ಮತ್ತು ಜಿಂಬಾಬ್ವೆ. ಕೀನ್ಯಾ ಅಲ್ಲ. ಗಣೇಶ್ ಇದ್ದಿದ್ದರೆ ಹೋಗ್ತಿತ್ತಾ? ಒಂದು ತಿಂಗಳ ಕೋಚ್ ಬಗ್ಗೆ ಹೌದು ಅನ್ನೋಕೂ ಆಧಾರ ಇಲ್ಲ, ಇಲ್ಲ ಅನ್ನೋಕೂ ಇಲ್ಲ.

ಹಾಗಾಗಿ ನಿಮ್ಮ ಊರಲ್ಲಿ, ನಿಮ್ಮ ತಂಡಕ್ಕೆ ಮುಂದಿನ ಸಲ ಕೋಚ್ ಬಂದಾಗ, ವಯಸ್ಸೆಷ್ಟು, ಎಲ್ಲಿಯವರು ಅಂತ ಕೇಳಿ, ತಪ್ಪಿಲ್ಲ. ಜೊತೆಗೆ ಇನ್ನೂ ಮೂರು ಕೇಳಿ. ಸಹಿ ಹಾಕಿದವರಿಗೆ ಆ ಅಧಿಕಾರ ಇದೆಯಾ? ಮುಂದಿನ ವರ್ಷ ಈ ತಂಡಕ್ಕೆ ಎಷ್ಟು ಪಂದ್ಯ ಇದೆ? ಮೊದಲ ಸೋಲಿನ ನಂತರವೂ ಕೋಚ್ ಇರ್ತಾರಾ?

ಈ ಮೂರನ್ನು ಮೊನ್ನೆ ಅಂಕಲ್ ಮುಂದೆ ಇಟ್ಟೆ. ಸ್ವಲ್ಪ ಹೊತ್ತು ಮಜ್ಜಿಗೆ ಲೋಟ ಕೈಯಲ್ಲೇ ಹಿಡಿದು ಕೂತರು. ಆಮೇಲೆ, "ಅದೆಲ್ಲ ಸರಿ ಕಣಪ್ಪಾ, ಆದ್ರೆ ಗಣೇಶ್‌ನ ಒಂದ್ಸಲ ಊಟಕ್ಕಾದ್ರೂ ಕರೀಬೇಕಿತ್ತು" ಅಂದರು.

ನಾವು ಯಾರೂ ಕರೆದಿರಲಿಲ್ಲ. ಇರ್ತಾರಲ್ಲ, ನಿಧಾನಕ್ಕೆ ಕರೆದರಾಯ್ತು ಅಂದುಕೊಂಡಿದ್ವಿ.