ಹತ್ತು ಸಾವಿರ ಎಸೆತಗಳ ಮೀನು: ಮಸ್ಕಿಯ ಬಗ್ಗೆ ಗಾಳಗಾರರು ಕಲಿತದ್ದು, ಕಲಿಯುತ್ತಿರುವುದು

ಉತ್ತರ ಅಮೆರಿಕದ ಗಾಳಗಾರರ ನಡುವೆ ಮಸ್ಕೆಲಂಜ್ ಮೀನಿಗೆ ಮಸ್ಕಿ ಎಂಬ ಮುದ್ದಿನ ಹೆಸರಿದೆ. ಹತ್ತು ಸಾವಿರ ಸಲ ಗಾಳ ಎಸೆದರೆ ಒಮ್ಮೆ ಸಿಗುವ ಮೀನು ಎಂಬ ಬಿರುದೂ ಇದೆ. ಬಿರುದಿನಲ್ಲಿ ಉತ್ಪ್ರೇಕ್ಷೆ ಇರಬಹುದು, ಆದರೆ ವಾರವಿಡೀ ದೋಣಿಯಲ್ಲಿ ನಿಂತು ಬರಿಗೈಯಲ್ಲಿ ಮರಳುವುದು ಈ ಬೇಟೆಯಲ್ಲಿ ಯಾರಿಗೂ ಅವಮಾನವಲ್ಲ. ಪೈಕ್ ಕುಲದ ಮೀನುಗಳಲ್ಲಿ ಇದೇ ದೊಡ್ಡದು. ಉದ್ದನೆಯ ಮೈ, ಬಾತುಕೋಳಿಯ ಕೊಕ್ಕಿನಂಥ ಮೂತಿ, ಬಾಯಿ ತುಂಬ ಚೂಪು ಹಲ್ಲು. ಗ್ರೇಟ್ ಲೇಕ್ಸ್, ಸೇಂಟ್ ಲಾರೆನ್ಸ್, ಮಿಸಿಸಿಪ್ಪಿಯ ಮೇಲ್ಭಾಗ ಮತ್ತು ಓಹಾಯೊ ನದಿಯ ಜಲಾನಯನ ಇದರ ತವರು.

ಅಪರೂಪಕ್ಕೆ ಸಿಗುವ ಮೀನಾದ್ದರಿಂದ ಇದನ್ನು ಕುರಿತ ಪ್ರಶ್ನೆಗಳಿಗೆ ಕೊನೆಯಿಲ್ಲ. ಎಲ್ಲಿರುತ್ತದೆ, ಯಾವಾಗ ಬಾಯಿ ಹಾಕುತ್ತದೆ, ಯಾವ ಲೂರ್‌ಗೆ, ಅಂದರೆ ಕೃತಕ ಎರೆಗೆ, ಮರುಳಾಗುತ್ತದೆ, ಹುಣ್ಣಿಮೆಗೂ ಇದಕ್ಕೂ ನಂಟಿದೆಯೇ, ದೋಣಿಯವರೆಗೆ ಹಿಂಬಾಲಿಸಿ ಬಂದು ಕಚ್ಚದೆ ತಿರುಗಿ ಹೋಗುವುದೇಕೆ, ಹಿಡಿದದ್ದನ್ನು ಜೀವಂತ ಬಿಡುವುದು ಹೇಗೆ? ಇವುಗಳಿಗೆ ಇಂದು ಸಿಗುವ ಉತ್ತರಗಳು ಒಂದೇ ಕಾಲದಲ್ಲಿ ಹುಟ್ಟಿದವಲ್ಲ. ಒಳ್ಳೆಯ ಉತ್ತರಗಳೆಲ್ಲ ಗಾಳಗಾರರೂ ವಿಜ್ಞಾನಿಗಳೂ ಒಬ್ಬರ ಲೆಕ್ಕದ ಪುಸ್ತಕವನ್ನು ಇನ್ನೊಬ್ಬರು ತೆರೆದು ನೋಡಿದ ಮೇಲೆ ಬಂದವು ಎಂಬುದು ನನ್ನ ದೃಢ ಅಭಿಪ್ರಾಯ.

ಮೊದಲ ಬಲ್ಲಿದರು ಓಜಿಬ್ವೆ ಜನ. ಚಳಿಗಾಲದಲ್ಲಿ ಹೆಪ್ಪುಗಟ್ಟಿದ ಕೆರೆಯ ಮೇಲೆ ತೂತು ಕೊರೆದು, ಮರದಲ್ಲಿ ಕೆತ್ತಿದ ಪುಟ್ಟ ಮೀನನ್ನು ನೀರಿಗಿಳಿಸಿ ಆಡಿಸುತ್ತ, ಅದನ್ನು ನೋಡಲು ಬಂದ ದೊಡ್ಡ ಮೀನನ್ನು ಈಟಿಯಿಂದ ತಿವಿಯುತ್ತಿದ್ದರು. ವಿಸ್ಕಾನ್ಸಿನ್‌ನ ಲ್ಯಾಕ್ ಡು ಫ್ಲ್ಯಾಂಬೋದಲ್ಲಿ ಕೆತ್ತಿದ ಈ ಮರದ ಮೀನುಗಳನ್ನು ಇಂದು ಜನಪದ ಕಲೆಯೆಂದು ಸಂಗ್ರಹಿಸುತ್ತಾರೆ. ಕಚ್ಚುವ ಮನಸ್ಸಿಲ್ಲದಿದ್ದರೂ ಚಲಿಸುವ ವಸ್ತುವಿನ ಬಳಿಗೆ ಈ ಮೀನು ಬಂದು ನಿಲ್ಲುತ್ತದೆ ಎಂಬ ತಿಳಿವಳಿಕೆ ಆ ಕೆತ್ತನೆಯಲ್ಲೇ ಇದೆ.

ಬಿಳಿಯರ ಕ್ರೀಡಾಬೇಟೆ ಬೆಳೆದದ್ದು ಹತ್ತೊಂಬತ್ತನೆಯ ಶತಮಾನದಲ್ಲಿ. ಜೂಲಿಯೊ ಬ್ಯುಯೆಲ್ 1852ರಲ್ಲಿ ಚಮಚದಾಕಾರದ ಲೋಹದ ಲೂರ್‌ಗೆ ಪೇಟೆಂಟ್ ಪಡೆದ. ಸೇಂಟ್ ಲಾರೆನ್ಸ್ ನದಿಯ ಥೌಸಂಡ್ ಐಲಂಡ್ಸ್ ಪ್ರದೇಶದಲ್ಲಿ ಹುಟ್ಟುಹಾಕುವ ಗೈಡ್‌ಗಳ ಹಿಂದೆ ಇಂಥ ಚಮಚಗಳು ಮಿನುಗುತ್ತ ಸಾಗಿದವು. ರೈಲು ಉತ್ತರ ವಿಸ್ಕಾನ್ಸಿನ್‌ಗೆ ತಲುಪಿದ ಮೇಲೆ ಅಲ್ಲಿ ರೆಸಾರ್ಟ್‌ಗಳು ಎದ್ದವು. ಆಗಿನ ಕಲಿಕೆಯೆಲ್ಲ ಹಿಡಿಯುವುದರ ಬಗ್ಗೆ, ಆಮೇಲೆ ಕೊಲ್ಲುವುದರ ಬಗ್ಗೆ. ದೋಣಿಯ ಪಕ್ಕಕ್ಕೆ ಬಂದ ಮೀನಿಗೆ ದೊಣ್ಣೆಯ ಏಟು, ಕೊಕ್ಕೆ, ಕೆಲವೊಮ್ಮೆ ಪಿಸ್ತೂಲಿನ ಗುಂಡು. ಸತ್ತ ಮೀನುಗಳನ್ನು ಸಾಲಾಗಿ ತೂಗುಹಾಕಿ ತೆಗೆದ ಫೋಟೊಗಳೇ ಆ ಕಾಲದ ಪಠ್ಯಪುಸ್ತಕ. ಮಿನೆಸೋಟದ ಲೀಚ್ ಲೇಕ್‌ನಲ್ಲಿ 1955ರ ಜುಲೈನ ಬಿಸಿ ದಿನಗಳಲ್ಲಿ ಮಸ್ಕಿಗಳು ಹುಚ್ಚೆದ್ದಂತೆ ಗಾಳಕ್ಕೆ ಬಿದ್ದವು. ಆ ಫೋಟೊಗಳನ್ನು ಇಂದು ನೋಡಿದರೆ ಸಂಭ್ರಮಕ್ಕಿಂತ ಸಂಕಟವೇ ಹೆಚ್ಚಾಗುತ್ತದೆ.

ದಾಖಲೆಗಳ ಜಗಳವೂ ಅದೇ ಯುಗದ್ದು. 1949ರ ಜುಲೈನಲ್ಲಿ ಕ್ಯಾಲ್ ಜಾನ್ಸನ್ ಹಿಡಿದದ್ದು 67 ಪೌಂಡ್ 8 ಔನ್ಸ್. ಅದೇ ವರ್ಷದ ಅಕ್ಟೋಬರ್‌ನಲ್ಲಿ ಲೂಯಿ ಸ್ಪ್ರೇ ಚಿಪ್ಪೆವಾ ಫ್ಲೋಯೇಜ್‌ನಲ್ಲಿ 69 ಪೌಂಡ್ 11 ಔನ್ಸ್, ಅಂದರೆ ಸುಮಾರು 31.6 ಕಿಲೊ ತೂಗುವ ಮೀನನ್ನು ಹಿಡಿದನೆಂದು ದಾಖಲಾಯಿತು. 1957ರಲ್ಲಿ ಆರ್ಟ್ ಲಾಟನ್ ಅದನ್ನೂ ಮೀರಿಸಿದ್ದಾಗಿ ಹೇಳಿದ, ಆದರೆ 1992ರಲ್ಲಿ ಆ ದಾಖಲೆ ರದ್ದಾಯಿತು. ಸ್ಪ್ರೇಯ ಫೋಟೊವನ್ನು ಅಳೆದು ಮೀನು ಅಷ್ಟು ದೊಡ್ಡದಿರಲಿಲ್ಲ ಎಂದು ಒಂದು ಗುಂಪು 2005ರಲ್ಲಿ ವಾದಿಸಿತು. ಹೇವರ್ಡ್‌ನ ಫ್ರೆಶ್‌ವಾಟರ್ ಫಿಶಿಂಗ್ ಹಾಲ್ ಆಫ್ ಫೇಮ್ ಆ ವಾದವನ್ನು ಒಪ್ಪಲಿಲ್ಲ. ಇಂದಿಗೂ ಒಂದು ಸಂಸ್ಥೆ ಸ್ಪ್ರೇಯನ್ನು, ಇನ್ನೊಂದು ಜಾನ್ಸನ್ನನ್ನು ಮುಂದಿಡುತ್ತದೆ. ಈ ವಿವಾದ ಎಷ್ಟು ರೋಚಕವಾಗಿದ್ದರೂ ಮೀನಿನ ಬಗ್ಗೆ ಅದು ಕಲಿಸಿದ್ದು ಅತ್ಯಲ್ಪ.

ದೊಡ್ಡ ಮೀನಿನಿಂದ ನಿಜಕ್ಕೂ ಕಲಿತವರು ಟೊರಾಂಟೊದ ರಾಯಲ್ ಒಂಟಾರಿಯೊ ಮ್ಯೂಸಿಯಂನ ಎಡ್ವಿನ್ ಕ್ರಾಸ್‌ಮನ್ ಮತ್ತು ಅವರ ಜೊತೆಗಾರ ಜಾನ್ ಕ್ಯಾಸಲ್‌ಮನ್. ಕಿವಿರಿನ ಹಿಂದಿರುವ ಕ್ಲೈತ್ರಮ್ ಎಂಬ ಚಪ್ಪಟೆ ಮೂಳೆಯಲ್ಲಿ ವರ್ಷಕ್ಕೊಂದರಂತೆ ಗೆರೆ ಮೂಡುತ್ತದೆ. ಗೋಡೆಗೆ ತೂಗುಹಾಕಲು ಕೊಂದ ಮೀನುಗಳ ಆ ಮೂಳೆಯನ್ನಾದರೂ ನಮಗೆ ಕೊಡಿ ಎಂದು 1979ರಿಂದ ಅವರು ಕೇಳತೊಡಗಿದರು. ಗೆರೆ ಎಣಿಸಿದಾಗ ತಿಳಿದದ್ದು ಇಷ್ಟು: ಹೆಮ್ಮೆಯಿಂದ ಎತ್ತಿ ಹಿಡಿಯುವ ಗಾತ್ರದ ಮೀನುಗಳು ಬಹುಮಟ್ಟಿಗೆ ಹೆಣ್ಣು, ವಯಸ್ಸಿನಲ್ಲಿ ಹಿರಿಯವು, ಕೆಲವಕ್ಕೆ 30 ವರ್ಷದವರೆಗೂ ಆಯುಸ್ಸು. ಅಂಥದ್ದೊಂದನ್ನು ಕೊಂದರೆ ಆ ಜಾಗ ತುಂಬಲು ಎರಡು ದಶಕ ಕಾಯಬೇಕು. ಮಸ್ಕಿ ಕುರಿತ ಇಡೀ ಸಾಹಿತ್ಯದಲ್ಲಿ ಇದಕ್ಕಿಂತ ತೂಕದ ಸಂಗತಿ ಇನ್ನೊಂದಿಲ್ಲ.

ಈ ಲೆಕ್ಕ ಕೈಗೆ ಬರುವ ಮೊದಲೇ ಕೆಲವರಿಗೆ ಅದರ ಅರಿವಿತ್ತು. ಗಿಲ್ ಹ್ಯಾಮ್ 1966ರಲ್ಲಿ ಮಿನೆಸೋಟದಲ್ಲಿ ಮಸ್ಕೀಸ್ ಇಂಕ್ ಸಂಘಟನೆ ಕಟ್ಟಿ, ಹಿಡಿದು ಬಿಡುವ ಪದ್ಧತಿಯನ್ನು ಹರಡಿದರು. ಸದಸ್ಯರು ಬಿಟ್ಟ ಮೀನಿನ ಉದ್ದ, ದಿನಾಂಕ, ಕೆರೆ ಎಲ್ಲವನ್ನೂ ಬರೆದಿಟ್ಟರು. ಸ್ಪರ್ಧೆಗಾಗಿ ಶುರುವಾದ ಈ ಬರಹ ಮುಂದೆ ದೊಡ್ಡ ಆಸ್ತಿಯಾಯಿತು. ಚಂದ್ರನ ಪ್ರಶ್ನೆಗೆ ಉತ್ತರ ಸಿಕ್ಕಿದ್ದೂ ಅದರಿಂದಲೇ. ಮಾರ್ಕ್ ವಿನ್ಸನ್ ಮತ್ತು ಟೆಡ್ ಆಂಗ್ರಾಡಿ ಇಂಥ 3,41,959 ದಾಖಲೆಗಳನ್ನು ಜಾಲಾಡಿ 2014ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಹುಣ್ಣಿಮೆ ಮತ್ತು ಅಮಾವಾಸ್ಯೆಯ ಆಸುಪಾಸಿನಲ್ಲಿ ಹೆಚ್ಚು ಮೀನು ಸಿಗುವುದು ನಿಜ. ಆದರೆ ಲಾಭ ಹೆಚ್ಚೆಂದರೆ ಶೇಕಡ 5ರಷ್ಟು. ದೊಡ್ಡ ಮೀನು, ನಡುಬೇಸಿಗೆ, ರಾತ್ರಿಯ ಬೇಟೆ ಮತ್ತು ಉತ್ತರದ ಅಕ್ಷಾಂಶಗಳಲ್ಲಿ ಪರಿಣಾಮ ತುಸು ಜೋರು. ಪಂಚಾಂಗ ನೋಡಿ ರಜೆ ಹಾಕುವವರು ಹಾಕಲಿ. ಯಾವ ದಿನ ಬಿಡುವಿದೆಯೋ ಆ ದಿನ ಹೋಗುವವರಿಗೂ ಹೆಚ್ಚು ನಷ್ಟವಿಲ್ಲ.

ಮಸ್ಕಿ ಏನು ತಿನ್ನುತ್ತದೆ ಎಂಬ ಪ್ರಶ್ನೆಯಲ್ಲಿ ರಾಜಕೀಯವೂ ಬೆರೆತಿದೆ. ಊಟಕ್ಕೆ ರುಚಿಯಾದ ವಾಲೈ ಮೀನನ್ನು ಮಸ್ಕಿಗಳು ಮುಗಿಸುತ್ತವೆ, ಆದ್ದರಿಂದ ನಮ್ಮ ಕೆರೆಗೆ ಮರಿ ಬಿಡಬೇಡಿ ಎಂಬ ವಿರೋಧ ಹಲವೆಡೆ ಇದೆ. ಉತ್ತರ ವಿಸ್ಕಾನ್ಸಿನ್‌ನ 34 ಜಲಾಶಯಗಳಲ್ಲಿ ಹಿಡಿದ 1,092 ಮಸ್ಕಿಗಳ ಹೊಟ್ಟೆಯನ್ನು ಪರೀಕ್ಷಿಸಿದ ಅಧ್ಯಯನವೊಂದು 1999ರಲ್ಲಿ ಹೊರಬಂತು. ಮುಖ್ಯ ಆಹಾರ ಹಳದಿ ಪರ್ಚ್ ಮತ್ತು ಸಕರ್ ಜಾತಿಯ ಮೀನುಗಳು, ವಾಲೈ ತೀರ ವಿರಳ. ವಿರೋಧಿಸುವವರ ಭಯವನ್ನು ಹಗುರವಾಗಿ ಕಾಣಬಾರದು, ಆದರೆ ಸಾಕ್ಷ್ಯ ಅವರ ಪರವಾಗಿಲ್ಲ.

ಬಹಳ ಕಾಲ ಗಾಳಗಾರರು ಕೇಳದೆ ಬಿಟ್ಟ ಪ್ರಶ್ನೆ ಮೊಟ್ಟೆಯದು. ಮರಿ ಬಿಟ್ಟರೆ ಕೆರೆ ತುಂಬುತ್ತದೆ ಎಂಬ ನಂಬಿಕೆಯಲ್ಲಿ ಸರ್ಕಾರಗಳು ದಶಕಗಟ್ಟಲೆ ಸಾಕಣೆ ಕೇಂದ್ರ ನಡೆಸಿದವು. ಯುವಕನಾಗಿದ್ದಾಗ ವಿಸ್ಕಾನ್ಸಿನ್‌ನಲ್ಲಿ ಗಾಳದ ಗೈಡ್ ಆಗಿದ್ದು, ಮುಂದೆ ಅಮೆರಿಕದ ಅರಣ್ಯ ಸೇವೆಯ ಮುಖ್ಯಸ್ಥರಾದ ಮೈಕೆಲ್ ಡೊಂಬೆಕ್ 1980ರ ದಶಕದಲ್ಲಿ ಕೆರೆಯ ತಳವನ್ನೇ ಪರಿಶೀಲಿಸಿದರು. ಮಸ್ಕಿಯ ಮೊಟ್ಟೆ ಗಿಡಕ್ಕೆ ಅಂಟಿ ನಿಲ್ಲದೆ ತಳಕ್ಕೆ ಇಳಿಯುತ್ತದೆ. ಅಲ್ಲಿ ಕೊಳೆತ ಕೆಸರಿದ್ದು ಆಮ್ಲಜನಕ ಕಡಿಮೆಯಾದರೆ ಸಾಯುತ್ತದೆ. ವರ್ಷ ವರ್ಷವೂ ಅದೇ ಜಾಗಕ್ಕೆ ಮೊಟ್ಟೆಯಿಡಲು ಮರಳುವ ಮೀನುಗಳನ್ನು ಕ್ರಾಸ್‌ಮನ್ ಒಂಟಾರಿಯೊದ ಸ್ಟೋನಿ ಲೇಕ್‌ನಲ್ಲಿ ಗುರುತಿಸಿದರು. ದಡಕ್ಕೆ ಕಲ್ಲಿನ ಗೋಡೆ ಕಟ್ಟಿದರೆ, ಜೊಂಡು ಕಿತ್ತರೆ ಅಲ್ಲಿನ ಸಂತಾನವೇ ನಿಲ್ಲುವ ಅಪಾಯ ಹೀಗೆ ಸ್ಪಷ್ಟವಾಯಿತು.

ತಳಿಯ ಪಾಠವನ್ನು ಕಲಿಸಿದ್ದು ಮಿನೆಸೋಟ. ಅಲ್ಲಿ ಬಹುಕಾಲ ಬಿಟ್ಟದ್ದು ಶೂಪ್ಯಾಕ್ ಲೇಕ್ ತಳಿಯ ಮರಿಗಳನ್ನು, ಅವು ದೊಡ್ಡದಾಗಿ ಬೆಳೆಯಲೇ ಇಲ್ಲ. 1980ರ ದಶಕದಲ್ಲಿ ಲೀಚ್ ಲೇಕ್ ತಳಿಗೆ ಬದಲಾದ ಮೇಲೆ ಮಿಲ್ ಲ್ಯಾಕ್ಸ್, ವರ್ಮಿಲಿಯನ್ ಕೆರೆಗಳು ದೈತ್ಯ ಮೀನುಗಳಿಗೆ ಹೆಸರಾದವು.

ಹಿಂಬಾಲಿಸಿ ಬಂದ ಮೀನು ಏಕೆ ಕಚ್ಚುವುದಿಲ್ಲ? ಇದಕ್ಕೆ ಪೂರ್ಣ ಉತ್ತರವಿಲ್ಲ, ಆದರೆ 2001ರಲ್ಲಿ ಜಾನ್ ನ್ಯೂ ಮತ್ತು ಸಂಗಡಿಗರು ನಡೆಸಿದ ಪ್ರಯೋಗ ಒಂದು ಕಿಂಡಿ ತೆರೆಯಿತು. ಮಸ್ಕಿ ಬೇಟೆಯನ್ನು ಹೊಂಚುವುದು ಕಣ್ಣಿನಿಂದ. ಹತ್ತಿರಕ್ಕೆ ಬಂದ ಮೇಲಿನ ಕೊನೆಯ ನೆಗೆತದಲ್ಲಿ ನೀರಿನ ಅಲುಗಾಟ ಗ್ರಹಿಸುವ ಪಾರ್ಶ್ವರೇಖೆಯೂ ಸೇರಿಕೊಳ್ಳುತ್ತದೆ. ದೃಷ್ಟಿ ತಡೆದ ಮೀನುಗಳು ಹೊಂಚಲಿಲ್ಲ, ಆದರೆ ತೀರ ಸಮೀಪ ಬಂದ ಬೇಟೆಯ ಮೇಲೆ ಎರಗಿದವು. ಪ್ರತಿ ಎಸೆತದ ಕೊನೆಗೆ ಕೋಲಿನ ತುದಿಯನ್ನು ನೀರಿಗಿಳಿಸಿ ಎಂಟರ ಅಂಕಿ ಬರೆಯಬೇಕು ಎಂದು ಹಳೆಯ ಗಾಳಗಾರರು ಹಟ ಹಿಡಿಯುವುದು ಈ ಪ್ರಯೋಗಕ್ಕಿಂತ ಬಹಳ ಹಿಂದಿನಿಂದ. ಅನುಭವ ಮೊದಲು ಬಂತು, ವಿವರಣೆ ಆಮೇಲೆ.

ಉಪಕರಣಗಳ ಕತೆಯನ್ನು ಬೇಗ ಹೇಳಿ ಮುಗಿಸಬಹುದು. ಸುಯಿಕ್‌ನ ಮರದ ಲೂರ್, ಜಿಂಕೆಯ ಬಾಲದ ಕೂದಲಿನ ಬಕ್‌ಟೇಲ್, ಮೃದು ರಬ್ಬರಿನ ಬುಲ್‌ಡಾಗ್, ಹೀಗೆ ಪ್ರತಿ ತಲೆಮಾರಿಗೂ ಒಂದು ಮೋಹ. ನಿಜವಾದ ತಿರುವು 2018ರಲ್ಲಿ ಗಾರ್ಮಿನ್ ತಂದ ಲೈವ್‌ಸ್ಕೋಪ್ ಎಂಬ ಸೋನಾರ್. ನಡುನೀರಿನಲ್ಲಿ ತೇಲುವ ಒಂದೊಂದು ಮೀನನ್ನೂ ಪರದೆಯ ಮೇಲೆ ನೋಡಿ ಅದರ ಮುಂದೆಯೇ ಲೂರ್ ಇಡಬಹುದು. ದೊಡ್ಡ ಕೆರೆಗಳ ಆಳದಲ್ಲಿ ಮೊದಲು ಯಾರ ಕೈಗೂ ಸಿಗದೆ ಬದುಕಿದ್ದ ಹಿರಿಯ ಮೀನುಗಳಿಗೆ ಈಗ ಅಡಗುದಾಣ ಉಳಿದಿಲ್ಲ. ಇದಕ್ಕೆ ಮಿತಿ ಬೇಕು ಎನ್ನುವವರ ಜೊತೆ ನಾನಿದ್ದೇನೆ.

ಕಾರಣ ಸರಳ: ಬಿಟ್ಟ ಮೀನೆಲ್ಲ ಬದುಕುವುದಿಲ್ಲ. 1980ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ ದಣಿದು ಸುಸ್ತಾದ ಮಸ್ಕಿಗಳಲ್ಲಿ ಶೇಕಡ 30ರಷ್ಟು ಸತ್ತವು. 2011ರಲ್ಲಿ ಒಟ್ಟಾವಾ ನದಿಯ ನುರಿತ ಗಾಳಗಾರರ ಜೊತೆ ಶಾನ್ ಲ್ಯಾಂಡ್ಸ್‌ಮನ್ ತಂಡ ನಡೆಸಿದ ಅಧ್ಯಯನದಲ್ಲಿ ಒಂದೂ ಸಾಯಲಿಲ್ಲ. ಎರಡರ ನಡುವಿನ ಮೂವತ್ತು ವರ್ಷಗಳಲ್ಲಿ ಗಾಳಗಾರರ ಕೈ ಪಳಗಿತ್ತು: ಮೀನನ್ನು ನೀರಿನಲ್ಲೇ ಉಳಿಸುವ ದೊಡ್ಡ ಬಲೆ, ಉದ್ದ ಇಕ್ಕಳ, ಹುಕ್ ಕತ್ತರಿಸುವ ಕಟರ್, ಅವಸರದಲ್ಲಿ ಒಂದೇ ಫೋಟೊ. ಇಷ್ಟಿದ್ದರೂ ಖಾತರಿಯಿಲ್ಲ. 2021ರ ನವೆಂಬರ್‌ನಲ್ಲಿ ಮಿಲ್ ಲ್ಯಾಕ್ಸ್‌ನಲ್ಲಿ ಸಿಕ್ಕ, 55 ಪೌಂಡಿಗೂ ಹೆಚ್ಚು ತೂಗಿ ಮಿನೆಸೋಟದ 1957ರ ದಾಖಲೆ ಮುರಿದ ಮೀನನ್ನು ಹಿಡಿದವರು ಮತ್ತೆ ನೀರಿಗೆ ಬಿಡಲು ಶ್ರಮಿಸಿದರೂ ಅದು ಚೇತರಿಸಿಕೊಳ್ಳಲಿಲ್ಲ.

ನಮ್ಮ ಕಾವೇರಿಗೂ ಈ ಚರಿತ್ರೆ ಹತ್ತಿರದ್ದು. ಗಾಲಿಬೋರೆಯ ಗಾಳದ ಶಿಬಿರದಲ್ಲಿ 1998ರಿಂದ 2012ರವರೆಗೆ ಬರೆದಿಟ್ಟ ದಾಖಲೆಗಳನ್ನು ಏಡ್ರಿಯನ್ ಪಿಂಡರ್ ಮತ್ತು ಸಂಗಡಿಗರು ಅಧ್ಯಯನ ಮಾಡಿದರು. ಹೊರಗಿನಿಂದ ತಂದು ಬಿಟ್ಟ ನೀಲಿ ರೆಕ್ಕೆಯ ಮಹಶೀರ್ ಹೆಚ್ಚುತ್ತಿದ್ದಾಗ ಕಾವೇರಿಯದೇ ಆದ ಗೂನುಬೆನ್ನಿನ ಮಹಶೀರ್ ಕುಸಿಯುತ್ತಿದ್ದದ್ದು ಆ ಪುಟಗಳಲ್ಲಿ ಕಂಡಿತು. ಇಂದು ಆ ಮೀನು ಅಳಿವಿನಂಚಿನ ಪಟ್ಟಿಯ ಅತಿ ಗಂಭೀರ ವರ್ಗದಲ್ಲಿದೆ. ತಳಿ ನೋಡದೆ ಮರಿ ಬಿಡುವುದರ ಬೆಲೆ ಮಿನೆಸೋಟದಲ್ಲಿ ಚಿಕ್ಕ ಮೀನು, ಇಲ್ಲಿ ಒಂದು ಕುಲವೇ.

ಟೊರಾಂಟೊದಲ್ಲೋ ಮಿನಿಯಾಪೊಲಿಸ್‌ನಲ್ಲೋ ನೆಲೆಸಿ ಮಸ್ಕಿಗೆ ಗಾಳ ಹಾಕಬೇಕೆಂದಿರುವ ಕನ್ನಡಿಗರಲ್ಲಿ ಒಂದು ಮನವಿ. ಮೊದಲ ಹಣವನ್ನು ಬಲೆ, ಇಕ್ಕಳ, ಕಟರ್‌ಗಳಿಗೆ ವಿನಿಯೋಗಿಸಿ, ಲೂರ್ ಆಮೇಲೆ ಕೊಳ್ಳಿ. ನೀರಿನ ಉಷ್ಣತೆ 27 ಡಿಗ್ರಿ ಸೆಲ್ಸಿಯಸ್ ಸಮೀಪಿಸಿದರೆ ಆ ದಿನ ಬೇರೆ ಮೀನಿಗೆ ಹೋಗಿ. ಹಿಡಿದ ಪ್ರತಿ ಮೀನಿನ ಉದ್ದ, ದಿನ, ಜಾಗ ಬರೆದಿಟ್ಟು ಸ್ಥಳೀಯ ಸಂಘಕ್ಕೆ ಕೊಡಿ.