ಎರಡು ಹಳಿಗಳ ನಡುವಣ ನೆಲ

ಬೆಂಗಳೂರಿನ ನಗರ ನಿಲ್ದಾಣದಿಂದ ಹೊರಟು ಒಂದು ತುಮಕೂರಿಗೂ ಇನ್ನೊಂದು ಮೈಸೂರಿಗೂ ಸಾಗುವ ಎರಡು ರೈಲು ಹಳಿಗಳ ನಡುವೆ, ಮಾಗಡಿ ರಸ್ತೆಯ ಇಕ್ಕೆಲಗಳಲ್ಲಿ, ಕೇತಮಾರನಹಳ್ಳಿ, ಸಾಣೆಗುರುವನಹಳ್ಳಿ, ಹೊಸಹಳ್ಳಿ, ಅತ್ತಿಗುಪ್ಪೆ ಮೊದಲಾದ ಗ್ರಾಮಗಳು ತಮ್ಮ ಹೊಲಗದ್ದೆಗಳೊಡನೆ ಬಹುಕಾಲ ನೆಮ್ಮದಿಯಾಗಿದ್ದುವು. 1898ರ ಪ್ಲೇಗಿಗೆ ಅಂಜಿ ಪೇಟೆ ತೊರೆದವರಿಗಾಗಿ ಬಸವನಗುಡಿ, ಮಲ್ಲೇಶ್ವರಗಳು ಬೆಳೆದಾಗಲೂ ಈ ನೆಲಕ್ಕೆ ನಗರದ ಸೋಂಕು ತಗಲಿರಲಿಲ್ಲ. 1945ರ ಶಾಸನದ ಮೇರೆಗೆ ಸ್ಥಾಪಿತವಾದ, ಜನರ ಬಾಯಲ್ಲಿ ಟ್ರಸ್ಟ್ ಬೋರ್ಡೆಂದೇ ಹೆಸರಾದ ಮಂಡಳಿಯು ನಿವೇಶನಗಳನ್ನು ಅಳೆಯತೊಡಗಿದ ಮೇಲೆ, ಮಧ್ಯಮ ವರ್ಗದ ಸಂಸಾರಿಗನು ಯಾವ ಬಡಾವಣೆಯಲ್ಲಿ ಮನೆ ಮಾಡುವುದು ಲೇಸೆಂದು ಇಲ್ಲಿ ನಿಂತು ಯೋಚಿಸುವ ಕಾಲ ಬಂದಿತು.

1949ರಲ್ಲಿ ಅಂದಿನ ಗವರ್ನರ್ ಜನರಲ್ ರಾಜಗೋಪಾಲಾಚಾರ್ಯರ ಹೆಸರಿನಿಂದ ಮೊದಲಾದ ರಾಜಾಜಿನಗರವು ಹುಟ್ಟಿನಿಂದಲೇ ಉದ್ಯೋಗವನ್ನು ನೆಚ್ಚಿದ ಊರು. ಕೈಗಾರಿಕಾ ಉಪನಗರವೊಂದು ಅದರ ಪಕ್ಕದಲ್ಲಿಯೇ ಏರ್ಪಟ್ಟು, 1957ರಲ್ಲಿ ಸರ್ಕಾರಿ ಸಾಬೂನು ಕಾರ್ಖಾನೆಯೂ ಅಲ್ಲಿಗೆ ಬಂದುದರಿಂದ, ಕೆಲಸಕ್ಕೆ ನಡೆದೇ ಹೋಗಿಬರುವ ಭಾಗ್ಯ ಅಲ್ಲಿನ ಅನೇಕರದಾಗಿತ್ತು. ಕಾರ್ಮಿಕರ ರಾಜ್ಯ ವಿಮಾ ಆಸ್ಪತ್ರೆಯೂ ಇದೇ ಬಡಾವಣೆಯಲ್ಲಿ ತಲೆಯೆತ್ತಿತು. ದುಡಿಮೆಯನ್ನೂ ವಸತಿಯನ್ನೂ ಒಟ್ಟಿಗೆ ಚಿಂತಿಸಿದ ಈ ವಿವೇಕವು ಬೆಂಗಳೂರಿನ ನಗರ ನಿರ್ಮಾಣದಲ್ಲಿ ಅತ್ಯಂತ ಗೌರವಾರ್ಹವಾದುದೆಂಬುದು ನನ್ನ ದೃಢವಾದ ಅಭಿಪ್ರಾಯ. ಅದನ್ನು ಮುಂದಿನ ಬಡಾವಣೆಗಳಲ್ಲಿ ಕೈಬಿಟ್ಟುದಕ್ಕಾಗಿ ವ್ಯಥೆಯೂ ಉಂಟು.

ತರುವಾಯ ಬೆಳೆದ ವಿಜಯನಗರದ ಪ್ರಕೃತಿಯೇ ಬೇರೆ. ಕನ್ನಡಿಗರ ಸಾಮ್ರಾಜ್ಯದ ಹೆಸರನ್ನು ತಾನು ಧರಿಸಿ, ನೆರೆಗೆ ಹಂಪಿನಗರವನ್ನು ಇರಿಸಿಕೊಂಡ ಈ ಬಡಾವಣೆಗೆ ಕಾರ್ಖಾನೆಗಿಂತ ರಸ್ತೆಯೂ ಹಳಿಯೂ ಆಧಾರವಾದುವು. ಮೈಸೂರು ಹಳಿಗೆ ಸಮಾನಾಂತರವಾಗಿ ಎದ್ದ ಮನೆಗಳ ಸಾಲು ಇಂದಿಗೂ ರೈಲ್ವೆ ಪ್ಯಾರಲಲ್ ಕಾಲೋನಿ, ಅಂದರೆ ಆರ್‌.ಪಿ.ಸಿ. ಲೇಔಟ್ ಎನಿಸಿಕೊಳ್ಳುತ್ತದೆ. ಕಚೇರಿಗೆ ಬಸ್ಸು ಹಿಡಿಯುವ ನೌಕರನಿಗೂ, ಮಂಡ್ಯ, ಮಾಗಡಿಗಳ ಕಡೆಯಿಂದ ಬಂದು ಹುಟ್ಟೂರಿನ ದಾರಿಯನ್ನು ಕಣ್ಣೆದುರಿನಲ್ಲಿಯೇ ಇರಿಸಿಕೊಳ್ಳಬಯಸಿದ ಕುಟುಂಬಕ್ಕೂ ಇದು ಹೊಂದಿಕೆಯಾಯಿತು. ಹಬ್ಬಕ್ಕೆ ಊರಿಗೆ ಹೊರಡುವುದು ಸುಲಭವೆಂಬ ಕಾರಣವನ್ನು ಅಲ್ಪವೆಂದು ಎಣಿಸಲಾಗದು.

ಕಾಲಕ್ರಮದಲ್ಲಿ ರಾಜಾಜಿನಗರದ ಬದಿಯ ಹಲವು ಕಾರ್ಖಾನೆಗಳು ನಿಂತು, ಅವುಗಳ ನೆಲದಲ್ಲಿ ಮಾಲುಗಳೂ ಬಹುಮಹಡಿ ಭವನಗಳೂ ಏಳಲಾಗಿ, ನಡೆದು ಹೋಗುವ ದೂರದ ಕೆಲಸವೆಂಬ ಹಳೆಯ ಆಕರ್ಷಣೆ ಬಹುಮಟ್ಟಿಗೆ ಕಳೆದಿದೆ. ಮೆಟ್ರೋ ರೈಲು 2014ರಲ್ಲಿ ರಾಜಾಜಿನಗರವನ್ನೂ, 2015ರಲ್ಲಿ ವಿಜಯನಗರವನ್ನೂ, 2021ರಲ್ಲಿ ಮೈಸೂರಿನ ದಾರಿಯಲ್ಲಿ ಇನ್ನೂ ಮುಂದಿರುವ ಕೆಂಗೇರಿಯನ್ನೂ ಮುಟ್ಟಿದ ಬಳಿಕ ದೂರದ ಲೆಕ್ಕವೂ ಬದಲಾಯಿತು. ಮನೆ ಅರಸುವವರು ಈಗ ಮೊದಲೆರಡು ಬಡಾವಣೆಗಳೊಡನೆ ಕೆಂಗೇರಿ ಉಪನಗರವನ್ನೂ ತೂಗಿ ನೋಡುತ್ತಿದ್ದಾರೆ.