ಹೆಣ್ಣು ಕೇಳುವವರ ಲೆಕ್ಕ

ನಮ್ಮ ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡದ ಕಡೆ ಇವತ್ತಿಗೂ ಒಂದು ಮಾತಿದೆ: "ಆಗಿನ ಕಾಲದ ಮದುವೆಗಳು ಗಟ್ಟಿ ಕಣಪ್ಪ, ಈಗಿನವು ಮುರ್ಕೊಂಡು ಬೀಳ್ತವೆ". ಗೇಮ್ ಥಿಯರಿ ಬಗ್ಗೆ ಓದುತ್ತಿದ್ದಾಗ ಈ 'ಗಟ್ಟಿ' ಅನ್ನೋ ಪದ ನನ್ನ ತಲೆ ಕೊರೆಯತೊಡಗಿತು.

1962ರಲ್ಲಿ ಡೇವಿಡ್ ಗೇಲ್ ಮತ್ತು ಲಾಯ್ಡ್ ಶಾಪ್ಲಿ ಎಂಬ ಅಮೆರಿಕದ ಗಣಿತಜ್ಞರು ಒಂದು ಪುಟ್ಟ ಲೇಖನ ಬರೆದರು. ಪ್ರತಿ ಹುಡುಗ, ಪ್ರತಿ ಹುಡುಗಿ ತಮಗೆ ಇಷ್ಟವಾದವರ ಪಟ್ಟಿ ಮಾಡಿಕೊಳ್ಳಬೇಕು. ಹುಡುಗರು ಪಟ್ಟಿಯ ಮೊದಲನೆಯವಳನ್ನು ಕೇಳಬೇಕು. ಹುಡುಗಿ ಬಂದವರಲ್ಲಿ ತನಗೆ ಹೆಚ್ಚು ಹಿಡಿಸಿದವನನ್ನು ಕಾಯಿಸಿ, ಉಳಿದವರಿಗೆ ಬೇಡ ಅನ್ನಬೇಕು. ಬೇಡ ಅನ್ನಿಸಿಕೊಂಡವರು ಮುಂದಿನ ಮನೆಗೆ! ಕೊನೆಗೆ ಸಿಗುವ ಜೋಡಿಗಳು ಗಟ್ಟಿ. ಅಂದರೆ, ಕಟ್ಟಿಕೊಂಡವರಿಗಿಂತ ಒಬ್ಬರನ್ನೊಬ್ಬರು ಹೆಚ್ಚು ಇಷ್ಟಪಟ್ಟು ಓಡಿಹೋಗುವಂಥ ಇಬ್ಬರು ಆ ಊರಲ್ಲಿ ಉಳಿದಿರುವುದಿಲ್ಲ. ಇನ್ನೊಂದು ಗುಟ್ಟು: ಇಂಥ ಗಟ್ಟಿ ಜೋಡಣೆಗಳು ಹಲವಿದ್ದರೆ, ಕೇಳಲು ಹೋದ ಕಡೆಯವರಿಗೇ ಲಾಭ. ಶಾಪ್ಲಿಗೆ 2012ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಬಂತು. ಗೇಲ್ 2008ರಲ್ಲೇ ತೀರಿಕೊಂಡಿದ್ದರು.

ಈಗ ನಮ್ಮ ಚರಿತ್ರೆಗೆ ಬನ್ನಿ. ಹೆಣ್ಣು ಕೇಳುವವರು ಇದ್ದರು, ಕೊಡುವವರೂ ಇದ್ದರು. ಹುಡುಗಿಯ ಪಟ್ಟಿ ಎಲ್ಲಿತ್ತು? ಸೋದರಮಾವನಿಗೋ ಅವನ ಮಗನಿಗೋ ಹುಟ್ಟುತ್ತಲೇ ಗೊತ್ತಾದ ಹೆಣ್ಣು. ಹಳೇ ಮೈಸೂರಿನ ಈ ಸಂಬಂಧಗಳ ಬಗ್ಗೆ ಎಂ. ಎನ್. ಶ್ರೀನಿವಾಸ್ 1942ರಲ್ಲೇ ಪುಸ್ತಕ ಬರೆದಿದ್ದಾರೆ. ತೆಲುಗೂ ಆಡುವ ಪಾವಗಡದ ಕಡೆ ಇದಕ್ಕೆ 'ಮೇನರಿಕ' ಅಂತಾರೆ. 1894ರ ಮೈಸೂರು ಸಂಸ್ಥಾನದ ಕಾಯ್ದೆ ಎಂಟು ವರ್ಷದೊಳಗಿನ ಹುಡುಗಿಯ ಮದುವೆಯನ್ನು ನಿಷೇಧಿಸಿತು. ಐವತ್ತು ದಾಟಿದವನು ಹದಿನಾಲ್ಕರೊಳಗಿನವಳನ್ನು ಕಟ್ಟಿಕೊಳ್ಳುವುದನ್ನೂ ತಡೆಯಿತು. ಗಡಿಯಾಚೆಯ ಮಡಕಶಿರಾ ಆಗ ಬ್ರಿಟಿಷರ ಮದ್ರಾಸ್ ಪ್ರಾಂತ್ಯದಲ್ಲಿತ್ತು, ಅಲ್ಲಿಗೆ ಈ ಕಾಯ್ದೆಯೂ ಅನ್ವಯಿಸುತ್ತಿರಲಿಲ್ಲ. ಸರಿ, ಎಂಟು ತುಂಬಿದ ಕೂಸು ಯಾವ ಪಟ್ಟಿ ಮಾಡೀತು? ಯಾರಿಗೆ ಬೇಡ ಅಂದೀತು?

ಗೇಲ್-ಶಾಪ್ಲಿ ಲೆಕ್ಕದಲ್ಲಿ ಹುಡುಗಿಗೆ ಇರುವ ಒಂದೇ ಬಲ 'ಬೇಡ' ಅನ್ನುವುದು. ಅದನ್ನೂ ಕಿತ್ತುಕೊಂಡ ಮೇಲೆ ಮದುವೆ ಮುರಿಯದೆ ಉಳಿದರೆ ಅದು ಗಟ್ಟಿತನವಲ್ಲ, ಬಾಗಿಲಿಗೆ ಹಾಕಿದ ಚಿಲಕ ಅಷ್ಟೇ.

2023ರಲ್ಲಿ ಮಂಡ್ಯ ಕಡೆಯ ಮದುವೆಯಾಗದ ಹುಡುಗರು ಹೆಣ್ಣು ಸಿಗಲೆಂದು ಮಲೆ ಮಹದೇಶ್ವರ ಬೆಟ್ಟಕ್ಕೆ ಪಾದಯಾತ್ರೆ ಹೋದರು. ನಮ್ಮ ತಾಲ್ಲೂಕುಗಳಲ್ಲೂ ಬೇಸಾಯ ಮಾಡುವ ಹುಡುಗರ ಮನೆಯವರು "ಹೆಣ್ಮಕ್ಳು ಒಪ್ತಾ ಇಲ್ಲ" ಅಂತ ಗೊಣಗುವುದನ್ನು ಕೇಳಿದ್ದೇನೆ. ಆ ಹುಡುಗರ ಸಂಕಟ ಸುಳ್ಳಲ್ಲ. ಆದರೆ ಓದಿದ ಹುಡುಗಿಯರ ಕೈಗೆ ಈಗಷ್ಟೇ ಒಂದು ಪಟ್ಟಿ ಬಂದಿದೆ. ಆಟ ಕೆಟ್ಟಿಲ್ಲ ಸ್ವಾಮಿ, ಈಗ ಶುರುವಾಗಿದೆ :)

ನಿಮ್ಮ ಕಡೆ ಹೇಗೆ?